ಸಂಬಳಕ್ಕೆ ಎಳೆದ ಗೆರೆ

ಶನಿವಾರ, ಮಾರ್ಚ್ ೧೪
ಮಧ್ಯಾಹ್ನ, ಕ್ಲಬ್ಬಿನ ಆಫೀಸಿನಿಂದ

ನನ್ನ ಮುದ್ದಿನ ಮಗಳೇ,

ಮೊದಲು ನನ್ನನ್ನು ಬೈದು ಮುಗಿಸು, ಆಮೇಲೆ ಓದು. ನಿನ್ನ ಕಾಗದ ಬಂದು ಏಳು ವಾರವಾಯಿತು. ದಿನಾ ತೆಗೆದು ನೋಡುತ್ತೇನೆ, ಇವತ್ತು ಬರೆದೇಬಿಡೋಣ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ಯಾರಾದರೂ ಬಾಗಿಲಲ್ಲಿ ತಲೆಹಾಕಿ "ಸಂಬಳದ ಅಕ್ಕಾ, ನನ್ನ ಎರಡು ದಿನದ ರಜೆ ಕಡಿದುಬಿಟ್ಟಿದೀರಲ್ಲಾ" ಎನ್ನುತ್ತಾರೆ. ಫೋನು ಮಾಡಬಹುದಿತ್ತು ಎನ್ನುತ್ತೀಯ. ಫೋನಿನಲ್ಲಿ ನೀನು ಐದು ಸಲ "ಹೂಂ" ಅಂದರೆ ನನಗೆ ಆಡಬೇಕಾದ ಮಾತೇ ಮರೆತುಹೋಗುತ್ತದೆ. ಕಾಗದ ಹೂಂಗುಟ್ಟುವುದಿಲ್ಲ, ಅದೊಂದು ಅನುಕೂಲ.

ಮನೆಯಲ್ಲಿ ಎಲ್ಲ ಸರಿಯಾಗಿದೆ. ನಿನ್ನ ಚಿಕ್ಕಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಈಗ ಅವಳಿಗೆ ಮೂಲೆಮೂಲೆಯ ಧೂಳೆಲ್ಲ ಕಾಣುತ್ತಿದೆ. ನನಗೆ ಬುದ್ಧಿ ಹೇಳುವುದಕ್ಕೆ ಹೊಸ ಹುರುಪು ಬಂದಿದೆ. ನನ್ನ ಮಂಡಿನೋವು ಇದ್ದಹಾಗೇ ಇದೆ. ಕ್ಲಬ್ಬಿನ ಡಾಕ್ಟರು ಹೋದಮೇಲೆ ಬಿಟ್ಟಿ ಔಷಧಿಯೂ ಹೋಯಿತು.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಆಟಗಾರರ ಸಂಬಳಕ್ಕೆ ಮಿತಿ ಹಾಕುತ್ತಾರಂತೆ. ಸ್ಕೂಲಿನಲ್ಲಿ ನಾನು ಆಟ ಕಲಿಸುವ ಹುಡುಗಿಯರು ಕೇಳುತ್ತಿದ್ದಾರೆ. ಅದರಿಂದ ಕ್ಲಬ್ಬುಗಳ ಖರ್ಚು ನಿಜವಾಗಿಯೂ ಹಿಡಿತಕ್ಕೆ ಬರುತ್ತದೆಯೇ?" ಮೂವತ್ತೊಂದು ವರ್ಷದಿಂದ ಫುಟ್‌ಬಾಲ್ ಕ್ಲಬ್ಬಿನ ಸಂಬಳದ ಕೋಣೆಯಲ್ಲಿ ಕೂತವಳನ್ನು ನೀನು ಮೂರು ತಿಂಗಳ ಹಿಂದೆ ಕೇಳಿದ್ದರೆ, "ಇಲ್ಲ" ಎಂದು ಒಂದು ಪದ ಬರೆದು ಅಂಚೆಗೆ ಹಾಕುತ್ತಿದ್ದೆ. ಈಗ ಹಾಗೆ ಬರೆಯಲಾರೆ. ನಾನೊಂದು ಸಂಗತಿಯನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಅದರ ಬೆರಗು ಇನ್ನೂ ಇಳಿದಿಲ್ಲ.

ನಮ್ಮ ಲೆಕ್ಕಾಧಿಕಾರಿ ಡಿಸೆಂಬರಿನಲ್ಲಿ ಕೆಲಸ ಬಿಟ್ಟರು. ಬೇರೆ ಕ್ಲಬ್ಬಿನವರು ಹೆಚ್ಚು ಸಂಬಳ ಕೊಡುತ್ತೇವೆಂದು ಕರೆದರಂತೆ. ನಗಬೇಡ, ನಿಜ. ಅದಾಗಿ ಒಂದು ವಾರಕ್ಕೆ ಲೀಗಿನಿಂದ ಓಲೆ ಬಂತು. ಎರಡೂ ದರ್ಜೆ ಸೇರಿ ಇಪ್ಪತ್ತನಾಲ್ಕು ಕ್ಲಬ್ಬುಗಳೂ ಹತ್ತು ವರ್ಷದ ಸಂಬಳದ ಅಂಕಿ ತೆಗೆದುಕೊಂಡು ಸಭೆಗೆ ಬರಬೇಕು, ಮಿತಿ ಬೇಕೋ ಬೇಡವೋ ಎಂದು ಕೈ ಎತ್ತಬೇಕು. ಹದಿನಾರು ಕೈ ಎದ್ದರೆ ಪಾಸು. ಯಜಮಾನರು ಆ ಓಲೆ ಹಿಡಿದು ನನ್ನ ಕೋಣೆಗೆ ತಾವೇ ಬಂದರು. ಬಣ್ಣದ ಕಾರ್ಖಾನೆಯ ಮಾಲೀಕರಾಗಿ, ಕ್ಲಬ್ಬಿನ ಅಧ್ಯಕ್ಷರಾಗಿ ಇಷ್ಟು ವರ್ಷವಾದರೂ ಅವರು ನನ್ನ ಕೋಣೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಕುರ್ಚಿ ಎಲ್ಲಿದೆ ಎಂದು ಹುಡುಕಿದರು. ಇರುವುದು ಒಂದೇ, ಅದರಲ್ಲಿ ನಾನಿದ್ದೆ.

"ಹತ್ತು ವರ್ಷದ ಅಂಕಿ ಸಿಗುತ್ತಾ?" ಎಂದರು.

"ಮೂವತ್ತೊಂದು ವರ್ಷದ್ದು ಸಿಗುತ್ತೆ."

"ಹಾಗಾದ್ರೆ ನೀವೇ ಬನ್ನಿ. ನನಗೆ ಆ ಕಾಗದ ನೋಡಿದ್ರೆ ತಲೆ ತಿರುಗುತ್ತೆ."

ರೈಲಿನಲ್ಲಿ ಅವರು ತಮ್ಮ ಮನಸ್ಸು ಹೇಳಿದರು. ಬೇಡ ಎನ್ನುವುದೇ ಅವರ ತೀರ್ಮಾನವಾಗಿತ್ತು. ಹೋದ ವರ್ಷವಷ್ಟೇ ಮಿಂಚುವನ್ನು ತಂದಿದ್ದರು. ಮಿಂಚು ಎಂದರೆ ನಮ್ಮ ಹೊಸ ಮುಂಪಡೆ ಆಟಗಾರ, ರೇಡಿಯೋದಲ್ಲಿ ಆ ಹೆಸರು ಕೇಳಿರುತ್ತೀಯ. ಅವನ ಒಂದು ವಾರದ ಸಂಬಳದಲ್ಲಿ ಹುಲ್ಲು ನೋಡಿಕೊಳ್ಳುವವರು, ಬಟ್ಟೆ ಒಗೆಯುವವರು, ಟಿಕೆಟ್ ಹರಿಯುವವರು ಮತ್ತು ನಾನು, ಎಲ್ಲರೂ ಸೇರಿ ಒಂದು ವರ್ಷ ಬದುಕಬಹುದು.

"ಅವನನ್ನ ಇಟ್ಕೊಂಡು ಮಿತಿಗೆ ಕೈ ಎತ್ತಿದ್ರೆ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡ ಹಾಗೆ," ಎಂದರು ಯಜಮಾನರು. "ಇನ್ನೊಂದೇ ವರ್ಷ. ಮೇಲಿನ ದರ್ಜೆಗೆ ಹೋದ್ರೆ ಎಲ್ಲ ಸರಿಹೋಗುತ್ತೆ."

ಆ "ಇನ್ನೊಂದೇ ವರ್ಷ"ವನ್ನು ನಾನು ನಾಲ್ಕು ಅಧ್ಯಕ್ಷರ ಬಾಯಲ್ಲಿ ಕೇಳಿದ್ದೇನೆ. ಅಂಕಿಯ ಕಾಗದ ತೆಗೆದು ಮತ್ತೊಮ್ಮೆ ಕೂಡಿ ನೋಡಿದೆ.

ಸಭೆಯ ಹಾಲು ಹೇಗಿತ್ತು ಎಂದು ಹೇಗೆ ಬರೆಯಲಿ. ನಮ್ಮ ಇಡೀ ಆಫೀಸನ್ನು ಅದರೊಳಗೆ ಇಟ್ಟು, ಮೇಲೊಂದು ಮಹಡಿ ಕಟ್ಟಿದರೂ ಸೂರು ತಾಗುತ್ತಿರಲಿಲ್ಲ. ನಡುವೆ ಬಳೆಯ ಹಾಗೆ ದುಂಡನೆಯ ಮೇಜು. ಅದರ ಸುತ್ತ ಹಡಗಿನ ಕಂಪನಿಯವರು, ಬ್ಯಾಂಕಿನವರು, ಆಸ್ಪತ್ರೆಗಳ ಒಡೆಯರು. ಸಣ್ಣ ಕ್ಲಬ್ಬೊಂದರ ಅಧ್ಯಕ್ಷರು ಬೇಕರಿಯವರು. ಅವರ ಕೋಟಿನ ತೋಳಿನಲ್ಲಿ ಹಿಟ್ಟಿನ ಗುರುತಿತ್ತು. ಅವರನ್ನು ನೋಡಿ ನನಗೆ ಸ್ವಲ್ಪ ಜೀವ ಬಂತು. ನನ್ನ ಬೂಟು ಹೆಜ್ಜೆ ಹೆಜ್ಜೆಗೂ ಕಿರುಗುಟ್ಟುತ್ತಿತ್ತು. ಒಂದು ಕಡೆ ಕೂತಮೇಲೆ ಏಳಲೇ ಇಲ್ಲ.

ಬೆಳಗಿನ ಹೊತ್ತೆಲ್ಲ ಜಗಳ. ಮುಂದಿಟ್ಟಿದ್ದ ಕಾಗದದಲ್ಲಿ, ಯಾವ ಕ್ಲಬ್ಬೂ ತನ್ನ ಆದಾಯದ ನೂರರಲ್ಲಿ ಅರವತ್ತು ಪಾಲಿಗಿಂತ ಹೆಚ್ಚನ್ನು ಆಟಗಾರರ ಸಂಬಳಕ್ಕೆ ಹಾಕಕೂಡದು ಎಂದಿತ್ತು. ಹಡಗಿನವರು ಎದ್ದು, "ನನ್ನ ದುಡ್ಡು, ನಾನು ಸುಡ್ತೀನಿ. ನಿಮಗೇನು ತೊಂದರೆ?" ಎಂದರು. ಬೇಕರಿಯವರು, "ನೀವು ಸುಡೋ ಬೆಂಕಿ ಪಕ್ಕದ ಮನೆಗೂ ಹತ್ತುತ್ತೆ ಸ್ವಾಮಿ. ನೀವು ಒಬ್ಬನಿಗೆ ಎರಡರಷ್ಟು ಕೊಟ್ಟ ಮಾರನೇ ದಿನ ನನ್ನ ಹನ್ನೊಂದು ಜನಾನೂ ಬಾಗಿಲಲ್ಲಿ ನಿಂತಿರ್ತಾರೆ," ಎಂದರು. ಆಟಗಾರರ ಸಂಘದ ವಕೀಲರು, "ಮೂವತ್ತೈದು ವರ್ಷಕ್ಕೆ ಮುಗಿಯೋ ಬದುಕು ಇವರದು. ನಿಮ್ಮ ಲಾಭಕ್ಕೆ ಮಿತಿ ಇಲ್ಲ, ಅವರ ಬೆವರಿಗೆ ಮಾತ್ರ ಮಿತಿನಾ?" ಎಂದು ಕೇಳಿದರು. ಎಲ್ಲರ ಮಾತೂ ನನಗೆ ಸರಿಯೆನ್ನಿಸಿತು. ನನ್ನ ಕೈಗೆ ಓಟು ಕೊಡದಿದ್ದದ್ದೇ ಒಳ್ಳೆಯದಾಯಿತು.

ಆಮೇಲೆ ಲೀಗಿನ ಕಾರ್ಯದರ್ಶಿ ಒಬ್ಬೊಬ್ಬರನ್ನೇ ಕರೆದು ಅಂಕಿ ಓದಿಸಿದರು. ನಮ್ಮ ಸರದಿ ಬಂದಾಗ ಯಜಮಾನರು ನೀರು ಕುಡಿದು, "ನಮ್ಮವರು ಓದ್ತಾರೆ," ಎಂದು ನನ್ನ ಕಡೆ ಕೈ ತೋರಿಸಿದರು.

ನಾನು ಓದಿದೆ. ಹತ್ತು ವರ್ಷದ ಹಿಂದೆ ನಮ್ಮಲ್ಲಿ ನೂರು ಬಂದರೆ ಸಂಬಳಕ್ಕೆ ಐವತ್ತೆಂಟು ಹೋಗುತ್ತಿತ್ತು. ಈಗ ನೂರು ಬಂದರೆ ನೂರ ಹದಿನೆಂಟು ಹೋಗುತ್ತದೆ. "ಆ ಹದಿನೆಂಟು ಎಲ್ಲಿಂದ ಬಂತು?" ಎಂದರು ಕಾರ್ಯದರ್ಶಿ. ಸಾಲ ಎಷ್ಟು, ಯಜಮಾನರ ಕೈಯಿಂದ ಎಷ್ಟು ಎಂದು ಹೇಳಿದೆ. ಉಳಿದದ್ದಕ್ಕೆ ಏನೇನು ನಿಲ್ಲಿಸಿದೆವು ಎಂದು ಪಟ್ಟಿ ಓದಿದೆ. ಖಾಯಂ ಡಾಕ್ಟರು. ಉತ್ತರದ ಗ್ಯಾಲರಿಯ ಸೂರಿನ ರಿಪೇರಿ. ಸ್ಕೂಲು ಮಕ್ಕಳ ಅಗ್ಗದ ಟಿಕೆಟ್ಟು. ಮಹಿಳಾ ತಂಡ.

"ನಿಲ್ಲಿ," ಎಂದಿತು ಒಂದು ಧ್ವನಿ.

ಮೇಜಿನ ಆ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಊರುಗೋಲನ್ನು ಮೇಜಿನ ಮೇಲೇ ಅಡ್ಡ ಇಟ್ಟುಕೊಂಡಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಾರೆ, ಎದುರಿಗೂ ಹಾಗೇ ಕರೆಯುತ್ತಾರೆ. ಹನ್ನೆರಡು ಸಲ ಲೀಗ್ ಗೆದ್ದ ಕ್ಲಬ್ಬು ಅವರದು. ನಮ್ಮೆಲ್ಲರ ದುಡ್ಡು ಸೇರಿಸಿದರೂ ಅವರ ಅರ್ಧಕ್ಕೆ ಬರುವುದಿಲ್ಲ ಎನ್ನುತ್ತಾರೆ.

"ಆ ಮಹಿಳಾ ತಂಡಕ್ಕೆ ವರ್ಷಕ್ಕೆ ಎಷ್ಟು ಖರ್ಚಾಗ್ತಿತ್ತು?" ಎಂದರು.

"ಅದನ್ನ ಮುಚ್ಚಿದ ವರ್ಷ ತಂದ ಮುಂಪಡೆ ಆಟಗಾರನ ಮೂರು ವಾರದ ಸಂಬಳ, ದೊಡ್ಡಮ್ಮಾ. ಈಗಿನ ಮಿಂಚು ಅಲ್ಲ, ಅವನಿಗಿಂತ ಮೊದಲಿನವನು."

"ಅವನು ಎಷ್ಟು ಗೋಲು ಹೊಡೆದ?"

"ಒಂದು. ಎರಡನೇ ತಿಂಗಳಲ್ಲಿ ಕಾಲು ಮುರೀತು."

ಯಾರೋ ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಯಜಮಾನರು ನೀರಿನ ಲೋಟವನ್ನೇ ನೋಡುತ್ತಿದ್ದರು.

ದೊಡ್ಡಮ್ಮ ಎದ್ದು ನಿಂತರು. ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋದರೆ ಬೈಯುತ್ತಾರೆಂದು ಎಲ್ಲರಿಗೂ ಗೊತ್ತಿದ್ದಂತಿತ್ತು. ಅವರು ಆಡಿದ ಮಾತನ್ನು ನಾನು ರೈಲಿನಲ್ಲಿ ಬರುತ್ತಾ ಬರೆದಿಟ್ಟುಕೊಂಡೆ. ಅದನ್ನೇ ಇಲ್ಲಿ ಇಳಿಸುತ್ತೇನೆ.

"ನಿಮ್ಮಲ್ಲಿ ಯಾರಾದ್ರೂ ಅಗ್ಗದ ಟಿಕೆಟ್ ತಗೊಂಡು ಗ್ಯಾಲರೀಲಿ ಕೂತು ಆಟ ನೋಡಿದೀರಾ? ನಾನು ಹುಡುಗಿಯಾಗಿದ್ದಾಗ ನೋಡಿದೀನಿ. ಮುಂದಿನ ಸಾಲಿನೋನು ಎದ್ದು ನಿಲ್ತಾನೆ. ಅವನ ಹಿಂದಿನೋನಿಗೆ ಕಾಣಲ್ಲ, ಅವನೂ ಏಳ್ತಾನೆ. ಐದು ನಿಮಿಷಕ್ಕೆ ಇಡೀ ಗ್ಯಾಲರಿ ನಿಂತಿರುತ್ತೆ. ಕೂತಾಗ ಎಷ್ಟು ಕಾಣ್ತಿತ್ತೋ ನಿಂತಾಗಲೂ ಅಷ್ಟೇ ಕಾಣೋದು. ಕಾಲು ನೋವು ಮಾತ್ರ ಹೆಚ್ಚು. ಈ ಲೀಗಿನಲ್ಲಿ ಮೂವತ್ತು ವರ್ಷದ ಹಿಂದೆ ಎಲ್ಲರಿಗಿಂತ ಹೆಚ್ಚು ಸಂಬಳ ಕೊಟ್ಟು ಮೊದಲು ಎದ್ದು ನಿಂತವಳು ನಾನು."

ಮುಂದಿದ್ದ ಕಾಗದವನ್ನು ಬೆರಳಿನಿಂದ ತಟ್ಟಿದರು.

"ಈ ಕಾಗದದಲ್ಲಿ ಆದಾಯದ ನೂರಕ್ಕೆ ಅರವತ್ತು ಅಂತ ಇದೆ. ನನ್ನನ್ನ ಕೇಳಿಯೇ ಬರೆದ ಹಾಗಿದೆ. ನನ್ನ ಅರವತ್ತು ಅಂದ್ರೆ ಈ ಬೇಕರಿಯವರ ಆರುನೂರು. ಇದು ಪಾಸಾದ್ರೆ ಇನ್ನೂ ಮೂವತ್ತು ವರ್ಷ ನಾನೇ ಗೆಲ್ತೀನಿ. ಹಾಗಾಗಿ ಇದನ್ನ ತೆಗೀರಿ. ಎಲ್ಲರಿಗೂ ಒಂದೇ ಅಂಕಿ ಹಾಕಿ. ನನಗೂ ಅದೇ, ಅವರಿಗೂ ಅದೇ."

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು. ಕೊನೆಗೆ, "ದೊಡ್ಡಮ್ಮಾ, ಹಾಗೆ ಮಾಡಿದ್ರೆ ನಿಮ್ಮ ಅರ್ಧ ತಂಡ ಬೇರೆ ದೇಶಕ್ಕೆ ಹೋಗುತ್ತೆ," ಎಂದರು.

"ಹೋಗ್ಲಿ. ಉಳಿದರ್ಧದ ಜೊತೆ ಆಡ್ತೀನಿ. ಕೊನೇ ನಾಲ್ಕು ಸಲ ಗೆದ್ದಾಗ ಮನೆಗೆ ಹೋಗಿ ಊಟ ಮಾಡಿ ಮಲಗಿದೆ ಕಣಯ್ಯಾ. ಗೆಲ್ತೀವಿ ಅಂತ ಮೊದಲೇ ಗೊತ್ತಿತ್ತು. ಅದೂ ಒಂದು ಆಟನಾ?" ಎಂದು ಹೇಳಿ, ಎದ್ದಷ್ಟೇ ನಿಧಾನವಾಗಿ ಕೂತರು.

ಮಗಳೇ, ದುಡ್ಡಿರುವವರು ದಾನ ಕೊಡುವುದನ್ನು ನಾನು ನೋಡಿದ್ದೇನೆ. ಫೋಟೋ ತೆಗೆಸಿಕೊಂಡು ಕೊಡುತ್ತಾರೆ. ಆದರೆ ಗೆಲ್ಲುವ ದಾರಿಯನ್ನೇ ಯಾರೂ ಕೇಳದೆ ಬಿಟ್ಟುಕೊಡುವುದನ್ನು ನೋಡಿದ್ದು ಅದೇ ಮೊದಲು. ದೊಡ್ಡಮ್ಮ ಹೇಳಿದ ಒಂದೇ ಅಂಕಿಯ ಮಿತಿಗೆ ಯಾರು ಯಾರು ಒಪ್ಪುತ್ತೀರಿ ಎಂದು ಕಾರ್ಯದರ್ಶಿ ಕೇಳಿದರು. ಒಂದು ಕೈ ಎದ್ದಿತು, ಬೇಕರಿಯವರದು. ಆಮೇಲೆ ಐದು, ಹತ್ತು. ನಾನು ಎಣಿಸುತ್ತಲೇ ಇದ್ದೆ, ಎಣಿಸುವುದು ನನ್ನ ಕಸುಬಲ್ಲವೇ. ಹದಿನಾಲ್ಕಕ್ಕೆ ನಿಂತಿತು. ಎಲ್ಲರೂ ಅಕ್ಕಪಕ್ಕ ನೋಡಿದರು. ಆಸ್ಪತ್ರೆಯವರ ಕೈ ಎದ್ದಿತು, ಹದಿನೈದು. ಬಾಗಿಲ ಹತ್ತಿರ ಕೂತಿದ್ದ ಒಬ್ಬರು, ಅದುವರೆಗೆ ಅವರ ಮುಖವನ್ನೂ ನಾನು ಗಮನಿಸಿರಲಿಲ್ಲ, ನಿಟ್ಟುಸಿರು ಬಿಟ್ಟು ಎತ್ತಿದರು. ಹದಿನಾರು. ಅದಾದ ಮೇಲೆ ನನ್ನ ಪಕ್ಕದಲ್ಲಿ ಕೋಟು ಸರಿದ ಸದ್ದಾಯಿತು. ಯಜಮಾನರು ಕೈ ಎತ್ತಿದ್ದರು. ಹದಿನೇಳನೆಯದು, ಬೇಕಾಗಿಯೇ ಇರಲಿಲ್ಲ. ಆದರೂ ಎತ್ತಿದರಲ್ಲ.

ಹೊರಗೆ ಚಹಾ ಕೊಡುತ್ತಿದ್ದಾಗ ದೊಡ್ಡಮ್ಮ ನನ್ನ ಪಕ್ಕದ ಬೆಂಚಿಗೆ ಬಂದು ಕೂತರು. "ಆ ತಂಡದ ಹುಡುಗಿಯರು ಯಾರಾದ್ರೂ ನಿಂಗೆ ಗೊತ್ತಾ?" ಎಂದರು.

"ನನ್ನ ಮಗಳು ಅದರ ಕ್ಯಾಪ್ಟನ್ ಆಗಿದ್ಲು."

ಅವರು ಲೋಟ ಬೆಂಚಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಅಷ್ಟು ತಣ್ಣಗೆ ಹೇಗೆ ಓದಿದೆಯಮ್ಮಾ ಆ ಪಟ್ಟೀನ?"

"ಅಭ್ಯಾಸ," ಎಂದೆ. ಚಹಾ ತಣ್ಣಗಾಗಿತ್ತು. ಇಬ್ಬರೂ ಅದನ್ನೇ ಕುಡಿದೆವು.

ಭಾನುವಾರ ಬೆಳಗ್ಗೆ

ನಿನ್ನೆ ಕೈ ಸೋತಿತು, ಅಲ್ಲಿಗೇ ನಿಲ್ಲಿಸಿದೆ. ಈಗ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಚಿಕ್ಕಮ್ಮ ಹೊಸ ಕಣ್ಣಿನಲ್ಲಿ ಕಿಟಕಿಯ ಗಾಜು ಒರೆಸುತ್ತಿದ್ದಾಳೆ.

ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆಯಾ? ಊರಿಗೆ ಬಂದು ಹನ್ನೆರಡು ದಿನಕ್ಕೆ ನನ್ನ ಮೇಜಿಗೆ ಒಂದು ಕರಾರು ಪತ್ರ ಬಂತು. ಹೊಸ ಹುದ್ದೆ, "ಮೈದಾನದ ಹುಲ್ಲಿನ ಸಲಹೆಗಾರ". ಸಂಬಳ ನೋಡಿದರೆ ತಲೆ ಗಿರ್ರೆಂದಿತು. ಹೆಸರು ನೋಡಿದೆ, ಮಿಂಚುವಿನ ಭಾವಮೈದುನ. ಹೊಸ ಮಿತಿ ಇರುವುದು ಆಟಗಾರರ ಸಂಬಳಕ್ಕೆ, ಸಲಹೆಗಾರರದಕ್ಕಲ್ಲ. ಗೆರೆ ಎಳೆದ ಬಣ್ಣ ಇನ್ನೂ ಒಣಗಿರಲಿಲ್ಲ, ಆಗಲೇ ಅದರ ಕೆಳಗೆ ಬಿಲ ತೋಡಿದ್ದರು.

ನಾನು ಹೊರಗೆ ಹೋಗಿ, ಹುಲ್ಲು ನೋಡಿಕೊಳ್ಳುವವರನ್ನು ಕೇಳಿದೆ. "ನಿಮಗೊಬ್ಬ ಸಲಹೆಗಾರ ಬೇಕು ಅಂತ ಕೇಳಿದ್ರಾ?"

"ನಾನು ಕೇಳಿದ್ದು ಕತ್ತರಿಸೋ ಯಂತ್ರಕ್ಕೆ ಹೊಸ ಬ್ಲೇಡು," ಎಂದರು. "ಎರಡು ವರ್ಷ ಆಯ್ತು."

ಕಾಗದವನ್ನು ರಿಜಿಸ್ಟರಿಗೆ ಏರಿಸದೆ ಡ್ರಾಯರಿನಲ್ಲಿ ಇಟ್ಟೆ. ಮೂರನೇ ದಿನ ಮಿಂಚುವೇ ಬಂದ. ಅವನ ಏಜೆಂಟು ಏಕೆ ತಡ ಎಂದು ಕೇಳಿಕೊಂಡು ಬಾ ಎಂದನಂತೆ. ಇಪ್ಪತ್ತೊಂಬತ್ತು ವರ್ಷ, ನೋಡಿದರೆ ಸಂಕೋಚದ ಹುಡುಗ. ಕುರ್ಚಿಯಿಲ್ಲವೆಂದು ಕಿಟಕಿಯ ಕಟ್ಟೆಯ ಮೇಲೆ ಕೂತ. ಪತ್ರ ಕೈಗೆ ಕೊಟ್ಟೆ. ಓದಿ ಜೋರಾಗಿ ನಕ್ಕ.

"ಅಕ್ಕಾ, ನನ್ನ ಭಾವಮೈದುನನ ಮನೇಲಿ ಒಂದು ಹೂವಿನ ಕುಂಡಾನೂ ಇಲ್ಲ."

"ಅದಕ್ಕೇ ನಾನು ಏರಿಸಿಲ್ಲ."

ನಗು ನಿಂತಿತು. ಕಾಗದವನ್ನು ಮಡಿಸಿದ, ಬಿಚ್ಚಿದ. "ನಾನು ದುರಾಸೆಯೋನು ಅಂದ್ಕೊಂಡ್ರಿ ಅಲ್ವಾ? ನಮ್ಮಪ್ಪ ಕಲ್ಲು ಕ್ವಾರೀಲಿ ಕೆಲಸ ಮಾಡಿದ್ರು. ನಲವತ್ತಕ್ಕೆ ಉಸಿರಾಡೋಕೆ ಆಗ್ತಿರಲಿಲ್ಲ. ಅವರ ಸಂಬಳಕ್ಕೆ ಮಿತಿ ಇತ್ತು. ಕ್ವಾರಿ ಮಾಲೀಕನಿಗೆ ಇರಲಿಲ್ಲ. ನನ್ನ ಕಾಲು ಇನ್ನು ನಾಲ್ಕು ವರ್ಷ ಬರುತ್ತೆ, ಜಾಸ್ತಿ ಅಂದ್ರೆ ಐದು. ಜನ ಟಿಕೆಟ್ ತಗೊಳ್ಳೋದು ನಮ್ಮನ್ನ ನೋಡೋಕೆ, ಯಜಮಾನರನ್ನ ನೋಡೋಕಲ್ಲ. ಒಂದು ಮಾತು ಹೇಳಿ. ಮಿತಿ ಹಾಕಿ ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಆ ಕಾಗದದಲ್ಲಿ ಬರೆದಿದಾರಾ?"

ಬರೆದಿರಲಿಲ್ಲ. ಹದಿನೇಳು ಕೈಗಳ ಪೈಕಿ ಒಂದೂ ಅದನ್ನು ಕೇಳಿರಲಿಲ್ಲ. ಬೆರಗಾಗಿ ಕೂತಿದ್ದ ನನಗೂ ಹೊಳೆದಿರಲಿಲ್ಲ. ಇಲ್ಲ ಎಂದೆ.

"ನೋಡಿ ಮತ್ತೆ," ಎಂದ. ಪತ್ರವನ್ನು ನನ್ನ ಮೇಜಿನ ಮೇಲೆ ಇಟ್ಟು, "ಇದನ್ನ ಏರಿಸಬೇಡಿ. ಇದು ನನಗೂ ನಾಚಿಕೆ. ಜೂನ್‌ನಲ್ಲಿ ನಾನು ಬೇರೆ ದೇಶಕ್ಕೆ ಹೋಗ್ತೀನಿ, ಅದು ನಾಚಿಕೆ ಅಲ್ಲ," ಎಂದು ಅಭ್ಯಾಸಕ್ಕೆ ಹೊರಟ.

ನಾನೂ ಕಿಟಕಿಯ ಹತ್ತಿರ ಹೋಗಿ ನಿಂತೆ. ಮೂವತ್ತೊಂದು ವರ್ಷದಲ್ಲಿ ಆ ಕಿಟಕಿಯಿಂದ ಆಟ ನೋಡಿದ್ದು ಕಡಿಮೆ, ನನಗೆ ಆಟಗಾರರೆಂದರೆ ಸಾಲುಗಳು, ಅಂಕಿಗಳು. ಅವತ್ತು ಮೈದಾನದ ಆ ತುದಿಯಿಂದ ಯಾರೋ ಚೆಂಡನ್ನು ಆಕಾಶಕ್ಕೆ ಒದ್ದರು. ಮಿಂಚು ಓಡುತ್ತಿದ್ದ, ಹಿಂತಿರುಗಿಯೂ ನೋಡಲಿಲ್ಲ. ಚೆಂಡು ಅವನ ಹೆಗಲ ಮೇಲಿಂದ ಬಂದು ಇಳಿಯುವಾಗ ಕಾಲನ್ನು ಸುಮ್ಮನೆ ಕೆಳಗೆ ಚಾಚಿದ. ನಿದ್ದೆ ಬಂದ ಮಗುವನ್ನು ಹಾಸಿಗೆಯ ಮೇಲೆ ಇಳಿಸುತ್ತೇವಲ್ಲ, ಹಾಗೆ ಚೆಂಡು ಅವನ ಬೂಟಿನ ಮೇಲೆ ಇಳಿದು ನಿಂತಿತು. ಪುಟಿಯಲೇ ಇಲ್ಲ. ಹುಲ್ಲಿನವರು ಯಂತ್ರ ನಿಲ್ಲಿಸಿ ನೋಡಿದರು. ಇದರ ಬೆಲೆ ಎಂದು ಯಾವ ಅಂಕಿ ಬರೆಯುವುದೋ ನನಗೆ ತಿಳಿಯಲಿಲ್ಲ. ಯಜಮಾನರುಗಳಿಗೆ ಏಕೆ ಹುಚ್ಚು ಹಿಡಿಯುತ್ತದೆ ಎಂಬುದು ಮಾತ್ರ ಅವತ್ತು ಅರ್ಥವಾಯಿತು.

ಅದೇ ಮಧ್ಯಾಹ್ನ ಹುಲ್ಲಿನ ಸಲಹೆಗಾರನ ಪತ್ರ ಹಿಡಿದು ಮೇಲಿನ ಮಹಡಿಗೆ ಹೋದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಮಂಡಿ ಬೇಡ ಎನ್ನುತ್ತಿತ್ತು.

"ಇದನ್ನ ನಾನು ಏರಿಸಲ್ಲ," ಎಂದೆ. "ಬೇರೆಯವರ ಕೈಲಿ ಏರಿಸಿದ್ರೆ ಲೀಗಿಗೆ ಬರೀತೀನಿ."

ಯಜಮಾನರ ಮುಖ ಕೆಂಪಾಯಿತು. "ಎಲ್ಲ ಕ್ಲಬ್ಬಿನವರೂ ಮಾಡ್ತಾರೆ."

"ಎಲ್ಲರೂ ಕೂತ್ಕೋತೀವಿ ಅಂತ ಕೈ ಎತ್ತಿ ಬಂದ್ರಿ. ನಾನು ಪಕ್ಕದಲ್ಲೇ ಇದ್ದೆ."

ಅವರು ಪತ್ರವನ್ನು ಮಡಿಸಿ ತಮ್ಮ ಡ್ರಾಯರಿಗೆ ಹಾಕಿದರು. ನಾನು ಇಳಿದು ಬರಬೇಕಿತ್ತು, ಆದರೆ ಮಿಂಚುವಿನ ಪ್ರಶ್ನೆ ಉಳಿದಿತ್ತು. ಅದನ್ನೂ ಕೇಳಿಬಿಟ್ಟೆ. ಜೂನ್‌ನಲ್ಲಿ ಅವನು ಹೋದಮೇಲೆ ಮಿತಿಯ ಕೆಳಗೆ ಇಷ್ಟು ಉಳಿಯುತ್ತದೆ, ಅದು ಎಲ್ಲಿಗೆ ಹೋಗುತ್ತದೆ? ಎಂದು ಒಂದು ಚೀಟಿಯಲ್ಲಿ ಅಂಕಿ ಬರೆದು ಮುಂದಿಟ್ಟೆ.

ಅವರು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಅರ್ಧ ಸಾಲಕ್ಕೆ," ಎಂದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ನಿಮ್ಮ ಮಗಳು ಈಗ ಎಲ್ಲಿದಾಳೆ?" ಎಂದು ಕೇಳಿದರು.

ಮಗಳೇ, ಉಳಿದರ್ಧದಲ್ಲಿ ನಿನ್ನ ತಂಡ ಮತ್ತೆ ಶುರುವಾಗುತ್ತಿದೆ. ಆಗಸ್ಟಿನಿಂದ. ವಾರಕ್ಕೆ ಮೂರು ದಿನ ದೊಡ್ಡ ಮೈದಾನ, ಹದಿನೆಂಟು ಜನರಿಗೆ ಸಂಬಳ. ಜಾಸ್ತಿಯೇನಿಲ್ಲ, ಆದರೆ ರಿಜಿಸ್ಟರಿನಲ್ಲಿ ಹದಿನೆಂಟು ಸಾಲು. ನೋಟಿಸು ಗೇಟಿನ ಪಕ್ಕದ ಗೋಡೆಗೆ ಹಚ್ಚಿಯಾಗಿದೆ. ಮೊದಲ ದಿನವೇ ನಲವತ್ತಮೂರು ಹುಡುಗಿಯರು ಹೆಸರು ಬರೆಸಿದರು. ಅದರಲ್ಲಿ ಇಬ್ಬರು ನಿನ್ನ ಹಳೆಯ ತಂಡದವರು, ಒಬ್ಬಳು ಮಗುವನ್ನು ಎತ್ತಿಕೊಂಡೇ ಬಂದಿದ್ದಳು. ಯಜಮಾನರು ನೀನು ತರಬೇತುದಾರಳಾಗಿ ಬರಬೇಕು ಎನ್ನುತ್ತಾರೆ. ನಿನ್ನ ವಿಳಾಸ ಕೇಳಿದರು. ಅವಳನ್ನು ಕೇಳಿ ಕೊಡುತ್ತೇನೆ ಎಂದೆ.

ಈಗ ನಿನ್ನ ಹುಡುಗಿಯರ ಪ್ರಶ್ನೆಗೆ ಉತ್ತರ. ಖರ್ಚು ಹಿಡಿತಕ್ಕೆ ಬರುತ್ತದೆಯೇ? ಒಬ್ಬರೇ ಕೂತರೆ ಬರುವುದಿಲ್ಲ, ಎಲ್ಲರೂ ಕೂತರೆ ಬರಬಹುದು. ಕೂತವರಲ್ಲಿ ಯಾರಾದರೂ ಮೆಲ್ಲಗೆ ಏಳಲು ನೋಡುತ್ತಲೇ ಇರುತ್ತಾರೆ. ಹಾಗಾಗಿ ಗೆರೆ ಎಳೆದರೆ ಸಾಲದು, ಆ ಗೆರೆಯ ಪಕ್ಕ ದಿನಾ ಯಾರಾದರೂ ಕಣ್ಣಿಟ್ಟು ಕೂತಿರಬೇಕು. ಉಳಿದದ್ದು ಎಲ್ಲಿಗೆ ಹೋಯಿತು ಎಂದೂ ಕೇಳುತ್ತಿರಬೇಕು. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಮಾಲೀಕರಿಗೆ ಏಕೆ ಮಿತಿಯಿಲ್ಲ ಎಂಬ ಮಿಂಚುವಿನ ಮಾತಿಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ ಎಂದೂ ಅವರಿಗೆ ಹೇಳು.

ಮೈ ಹುಷಾರು. ಮಕ್ಕಳ ಜೊತೆ ಓಡುವಾಗ ಹಳೆಯ ಪಾದದ ಪೆಟ್ಟಿಗೆ ಪಟ್ಟಿ ಕಟ್ಟಿಕೋ. ನಿನ್ನ ಕೈಕೆಳಗೆ ಬೆಳೆಯುವ ಹುಡುಗಿಯರೆಲ್ಲ ಗಟ್ಟಿಕಾಲಿನವರಾಗಲಿ, ನಿನಗೆ ನಿನ್ನ ಮನಸ್ಸಿನಂಥ ಬಾಳು ಸಿಗಲಿ. ನಾನಿರುವಷ್ಟು ದಿನ ಈ ಮನೆಯ ಬಾಗಿಲು ನಿನಗೆ ತೆರೆದೇ ಇರುತ್ತದೆ.

ನಿನ್ನ,
ಅಮ್ಮ

ತಾಜಾಕಲಂ: ಇದನ್ನು ಮೊದಲ ಹಾಳೆಯಲ್ಲೇ ಬರೆಯಬೇಕಿತ್ತು. ಏಳು ವಾರ ತಡವಾದದ್ದು ಇದಕ್ಕೇ, ಕೆಲಸದಿಂದಲ್ಲ.

ತಂಡ ಮುಚ್ಚಿದ ದಿನ ಸಂಜೆ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದೆ. ಇಲ್ಲ ಎಂದೆ. ಗೊತ್ತಿತ್ತು. ಹನ್ನೊಂದು ದಿನ ಮೊದಲೇ ಗೊತ್ತಿತ್ತು. ಆ ಹನ್ನೊಂದು ದಿನ ನಿನ್ನ ಎದುರು ಕೂತು ಊಟ ಮಾಡಿದೆ, ನಿನ್ನ ಆಟದ ಬಟ್ಟೆ ಒಗೆದು ಒಣಗಿಸಿದೆ.

ಗೊತ್ತಿದ್ದದ್ದಷ್ಟೇ ಅಲ್ಲ. ಲೆಕ್ಕಾಧಿಕಾರಿ ನನ್ನ ಕೋಣೆಗೆ ಬಂದು, "ಹೊಸ ಆಟಗಾರನಿಗೆ ಇಷ್ಟು ಕಮ್ಮಿ ಬೀಳ್ತಿದೆ. ಎಲ್ಲಿ ಕತ್ತರಿಸಿದ್ರೆ ಗಲಾಟೆ ಕಮ್ಮಿ?" ಎಂದು ಕೇಳಿದರು. ಖರ್ಚಿನ ರಿಜಿಸ್ಟರ್ ತೆರೆದು, ನಿಮ್ಮ ತಂಡದ ಸಾಲಿನ ಮೇಲೆ ಬೆರಳಿಟ್ಟವಳು ನಾನು. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ಗ್ಯಾಲರಿಯ ಸೂರಿನ ಸಾಲೂ ಇತ್ತು, ಆದರೆ ಸೂರಿಗೆ ಕೈ ಹಾಕಿದರೆ ಗಂಡಸರು ಗೇಟಿನಲ್ಲಿ ಕೂಗುತ್ತಿದ್ದರು. ಅದನ್ನು ಕತ್ತರಿಸುವುದನ್ನು ಮುಂದಿನ ವರ್ಷಕ್ಕೆ ಬಿಟ್ಟೆವು. ನೀವು ಹೆಣ್ಣುಮಕ್ಕಳು ಕೂಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿನ್ನನ್ನು ಹಾಗೆ ಬೆಳೆಸಿದವಳೂ ನಾನೇ. ನೀವು ಕೂಗಲಿಲ್ಲ. ಬೂಟುಗಳನ್ನು ಜೋಡಿಸಿಟ್ಟು, ಬೀಗದಕೈ ತಂದು ನನ್ನ ಮೇಜಿನ ಮೇಲಿಟ್ಟು ಹೋದಿರಿ.

ಆ ಸಭೆಯಲ್ಲಿ ಎಲ್ಲರೂ ನನ್ನನ್ನು ಮೆಚ್ಚಿಕೊಂಡು ನೋಡಿದರು. ದೊಡ್ಡಮ್ಮ ಹೇಗೆ ಓದಿದೆ ಎಂದು ಕೇಳಿದಾಗಲೂ ಇದನ್ನು ಹೇಳಲಿಲ್ಲ. ಮೊದಲು ನಿನಗೇ ಹೇಳಬೇಕಿತ್ತು.

ಬರುವುದೋ ಬಿಡುವುದೋ ಇದನ್ನು ಓದಿದ ಮೇಲೆ ನಿರ್ಧರಿಸು. ಬಂದರೆ ಮೊದಲು ನನ್ನ ಕೋಣೆಗೆ ಬಾ. ಬಾಗಿಲು ತೆಗೆದಿಟ್ಟಿರುತ್ತೇನೆ, ಆಫೀಸಿನವರೆಲ್ಲ ಕೇಳಲಿ. ಈ ಸಲ ಕೂಗು, ಮಗಳೇ.